ಊರಿಗೆಲ್ಲ ಗೊತ್ತು, ಹುಡುಗಿಗೊಬ್ಬಳಿಗೆ ಗೊತ್ತಿಲ್ಲ

ನಮ್ಮ ಕಡೆಯ ಸಣ್ಣ ಪಟ್ಟಣಗಳ ಕಲ್ಯಾಣ ಮಂಟಪಗಳ ಮುಂದೆ ಈಗ ಮದುವೆ ಫ್ಲೆಕ್ಸ್ ಜೊತೆ ಇನ್ನೊಂದು ಥರದ ಫ್ಲೆಕ್ಸೂ ಕಾಣುತ್ತದೆ. ಹನ್ನೆರಡೋ ಹದಿಮೂರೋ ವರ್ಷದ ಹುಡುಗಿ, ರೇಷ್ಮೆ ಸೀರೆ, ಮೊಗ್ಗಿನ ಜಡೆ. ಮೇಲೆ ದಪ್ಪ ಅಕ್ಷರದಲ್ಲಿ 'ಆರತಿ ಶಾಸ್ತ್ರ', ಅಂದರೆ ಹುಡುಗಿ ಮೊದಲ ಸಲ ಮುಟ್ಟಾದಾಗ ಮಾಡುವ ಶಾಸ್ತ್ರ. ಕೆಳಗೆ ಶುಭ ಕೋರುವವರ ಸಾಲು: ಸೋದರಮಾವಂದಿರು, ಗೆಳೆಯರ ಬಳಗ, ಜೊತೆಗೆ ಒಂದಿಬ್ಬರು ಪಂಚಾಯ್ತಿ ಮೆಂಬರ್‌ಗಳು. ಕಳೆದ ಬೇಸಿಗೆಯಲ್ಲಿ ತಿಪಟೂರಿನ ಹತ್ತಿರ ಅಂಥದ್ದೊಂದು ಊಟಕ್ಕೆ ಹೋಗಿದ್ದೆ. ಅಕ್ಷತೆ ಹಾಕಿ, ಕವರ್ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಇಳಿಯುವಾಗ ಹುಡುಗಿಯನ್ನು ಸುಮ್ನೆ ಕೇಳಿದೆ, "ಹೊಟ್ಟೆ ನೋವು ಏನಾದ್ರೂ ಇತ್ತೇನಮ್ಮಾ?" ಅವಳು ಅಮ್ಮನ ಮುಖ ನೋಡಿದಳು. ಅಮ್ಮ ನಕ್ಕರು. "ಅಯ್ಯೋ, ಅವಳಿಗೇನ್ ಗೊತ್ತಾಗುತ್ತೆ ಬಿಡಿ, ಇನ್ನೂ ಮಗು."

ಆ ಮಾತು ಊಟದ ಎಲೆಯವರೆಗೂ ನನ್ನ ಜೊತೆ ಬಂತು. ಮುನ್ನೂರು ಜನಕ್ಕೆ ಹೋಳಿಗೆ ಊಟ ಹಾಕಿ ಹೇಳುವಷ್ಟು ದೊಡ್ಡ ಸುದ್ದಿ ಇದು. ಆದರೆ ಯಾರ ಮೈಯಲ್ಲಿ ಇದು ನಡೆದಿದೆಯೋ ಅವಳಿಗೆ ಮಾತ್ರ ಗೊತ್ತಾಗುವಂಥದ್ದಲ್ಲ ಅಂತೆ. ನಮ್ಮಲ್ಲಿ ಮುಟ್ಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅದು ಅರ್ಧ ಸುಳ್ಳು ಅನ್ನಿಸುತ್ತದೆ. ನಾವು ಮಾತಾಡುತ್ತೇವೆ, ಮೈಕ್ ಹಾಕಿ ಮಾತಾಡುತ್ತೇವೆ. ಆದ ಮೇಲೆ ಮಾತಾಡುತ್ತೇವೆ, ಅಷ್ಟೇ. ಆಗುವುದಕ್ಕೆ ಮೊದಲು, ಅವಳೊಬ್ಬಳಿಗೆ, ಸಣ್ಣ ದನಿಯಲ್ಲಿ ಹೇಳಬೇಕಾದ ಹತ್ತು ನಿಮಿಷದ ಮಾತು ಯಾರ ಪಾಲಿಗೂ ಬಂದಿರುವುದಿಲ್ಲ.

ಗುಡ್ಲು

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ದೊಡ್ಡಮ್ಮನ ಮಗಳು ದೊಡ್ಡವಳಾದಳು. ಅವಳು ಆರನೇ ಕ್ಲಾಸು. ಆಗ ಮಂಟಪ, ಫ್ಲೆಕ್ಸ್ ಏನೂ ಇರಲಿಲ್ಲ, ಗುಡ್ಲು ಹಾಕುತ್ತಿದ್ದರು. ಮಾವ ತೋಟದಿಂದ ಹಸಿ ತೆಂಗಿನ ಗರಿ ಕಡಿದು ತಂದು ಹಿತ್ತಲಿನ ಗೋಡೆಗೆ ಒರಗಿಸಿ ಕಟ್ಟಿದರು. ಒಳಗೆ ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಬಾಗಿಲಿಗೆ ಅಡ್ಡ ಒಂದು ಒನಕೆ. ಸಾಯಂಕಾಲ ಬೀದಿ ಹೆಂಗಸರೆಲ್ಲ ಬಂದು ಅಕ್ಕನನ್ನು ಹಸೆ ಮೇಲೆ ಕೂರಿಸಿ ಆರತಿ ಎತ್ತಿ ಸೋಬಾನೆ ಹೇಳುತ್ತಿದ್ದರು. ಒಬ್ಬರ ಮನೆಯಿಂದ ಚಿಗಳಿ ಉಂಡೆ, ಇನ್ನೊಬ್ಬರ ಮನೆಯಿಂದ ಕೊಬ್ಬರಿ ಬೆಲ್ಲ, ಮತ್ತೊಬ್ಬರಿಂದ ಮೆಂತ್ಯದ ಮುದ್ದೆ ಮತ್ತು ಅದರ ಗುಂಡಿಯಲ್ಲಿ ತುಪ್ಪ. ನನಗಂತೂ ಹೊಟ್ಟೆಕಿಚ್ಚು. ಅಕ್ಕನಿಗೆ ಸ್ಕೂಲಿಲ್ಲ, ಕೆಲಸವಿಲ್ಲ, ದಿನಾ ಹೊಸ ಲಂಗ, ಕೇಳಿದಷ್ಟು ಎಳ್ಳುಂಡೆ. ಅವಳಿಗೆ ಜೊತೆಯಾಗಲಿ ಅಂತ ರಾತ್ರಿ ನನ್ನನ್ನೂ ಅಲ್ಲೇ ಮಲಗಿಸುತ್ತಿದ್ದರು. ಇನ್ನೂ ಆಗದ ಹುಡುಗಿಯರು ಮುಟ್ಟಿದರೆ ತೊಂದರೆ ಇಲ್ಲ, ಬೆಳಿಗ್ಗೆ ತಲೆ ಮೇಲೆ ಎರಡು ಚೊಂಬು ನೀರು ಸುರಿದರೆ ಮುಗಿಯಿತು.

ಒಂದು ರಾತ್ರಿ ಅವಳು ನನ್ನ ಕಿವಿ ಹತ್ತಿರ ಬಂದು ಕೇಳಿದಳು, "ಇದು ಯಾವಾಗ ವಾಸಿ ಆಗುತ್ತೆ ಅಂತ ಅವ್ವ ಏನಾದ್ರೂ ಮಾತಾಡಿದ್ದು ಕೇಳಿಸ್ಕೊಂಡ್ಯಾ?" ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಅವಳು ಹುಣಸೆ ಮರದಿಂದ ಧುಮುಕಿದ್ದಳಂತೆ. ಮಾರನೇ ದಿನವೇ ರಕ್ತ. ಒಳಗೆ ಏನೋ ಹರಿದುಹೋಗಿದೆ, ಮರ ಹತ್ತಿದ್ದು ಗೊತ್ತಾದರೆ ಅಪ್ಪ ಹೊಡೆಯುತ್ತಾರೆ ಅಂತ ಎರಡು ದಿನ ಬಚ್ಚಿಟ್ಟುಕೊಂಡಿದ್ದಳು. ಪಂಪ್‌ಸೆಟ್ ಹತ್ತಿರ ಹೋಗಿ ಲಂಗ ತೊಳೆದು ಒದ್ದೆಯದ್ದನ್ನೇ ಹಾಕಿಕೊಂಡು ಸ್ಕೂಲಿಗೆ ಹೋಗಿದ್ದಳು. ಮೂರನೇ ದಿನ ಅಜ್ಜಿ ಕಲೆ ನೋಡಿತು. ನೋಡಿದ್ದೇ ತಡ, ರಟ್ಟೆ ಹಿಡಿದು ಹೊರಗೆ ಕೂರಿಸಿ "ಅಲ್ಲಾಡಬೇಡ" ಅಂದಿತು. ಆಮೇಲೆ ಎಲ್ಲರೂ ನಗುತ್ತಾ ಓಡಾಡಿದರು, ಯಾರೂ ಹೊಡೆಯಲಿಲ್ಲ. ಅದು ಅವಳಿಗೆ ಇನ್ನೂ ಗಾಬರಿ. ನಾನು ಸಾಯುತ್ತೀನೇನೋ, ಅದಕ್ಕೇ ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದಳು. ಅಷ್ಟು ಹೆಂಗಸರು, ಅಷ್ಟು ಹಾಡು, ಅಷ್ಟು ಎಳ್ಳುಂಡೆ. 'ಇದು ಗಾಯ ಅಲ್ಲ ಕಣೇ, ಐದಾರು ದಿನಕ್ಕೆ ತಾನಾಗೇ ನಿಲ್ಲುತ್ತೆ, ಮುಂದಿನ ತಿಂಗಳು ಮತ್ತೆ ಬರುತ್ತೆ, ನಮಗೆಲ್ಲ ಬರುತ್ತೆ' ಅಂತ ಹೇಳಲು ಅವರಲ್ಲಿ ಒಬ್ಬರಿಗೂ ತೋಚಿರಲಿಲ್ಲ.

ಹೀಗಂದ ಮಾತ್ರಕ್ಕೆ ಆ ಶಾಸ್ತ್ರವನ್ನೆಲ್ಲ ಒದ್ದು ಆಚೆ ಹಾಕಬೇಕು ಅಂತ ನಾನು ಹೇಳುವುದಿಲ್ಲ. ಎಳ್ಳು, ಬೆಲ್ಲ, ಮೆಂತ್ಯ, ತುಪ್ಪ ಬೆಳೆಯುವ ಮೈಗೆ ಬೇಕಾದದ್ದೇ. ಎರಡು ವಾರ ಒಬ್ಬ ಹುಡುಗಿಗೆ ನೀರು ಹೊರುವ, ಪಾತ್ರೆ ಬೆಳಗುವ ಕೆಲಸದಿಂದ ಬಿಡುವು ಸಿಗುತ್ತಿತ್ತಲ್ಲ, ಅದೂ ಸಣ್ಣದಲ್ಲ. ನನಗೆ ಸರಿ ಬರದ್ದು ಎರಡು. ಒಂದು, ಗಂಡು ನೋಡುವ ಕಾಲ ಬಂತು ಅಂತ ಊರಿಗೆ ಡಂಗುರ ಹೊಡೆಯುವ ಅದರ ಹಳೇ ಉದ್ದೇಶ. ಇನ್ನೊಂದು, ಇಷ್ಟೆಲ್ಲ ಸಡಗರದಲ್ಲಿ ಹುಡುಗಿಗೆ ಹೇಳುವುದನ್ನೇ ಮರೆಯುವುದು.

ಮೈ ಮೊದಲೇ ಹೇಳಿರುತ್ತದೆ

'ಇನ್ನೂ ಮಗು, ಈಗಲೇ ಯಾಕೆ' ಅನ್ನುವ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ: ಇದು ದಿಢೀರನೆ ಬರುವುದಿಲ್ಲ. ಎದೆ ಚಿಗುರಲು ಶುರುವಾದ ಮೇಲೆ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ನಡುವೆ ಹುಡುಗಿ ಸರಸರ ಉದ್ದವಾಗುತ್ತಾಳೆ, ಕಂಕುಳಲ್ಲಿ ಕೂದಲು ಬರುತ್ತದೆ, ಬೆವರಿನ ವಾಸನೆ ಬದಲಾಗುತ್ತದೆ. ಕೊನೆಯ ಆರು ತಿಂಗಳು, ಒಂದು ವರ್ಷದಲ್ಲಿ ಚಡ್ಡಿಯಲ್ಲಿ ಬಿಳಿ ಅಂಟು ಕಾಣಿಸುತ್ತದೆ. ಬಟ್ಟೆ ಒಗೆಯುವವರಿಗೆ ಇದು ಕಂಡೇ ಕಾಣುತ್ತದೆ. ಹಾಗೆ ಕಂಡ ದಿನ "ಏನೇ ಇದು ಗಲೀಜು" ಅನ್ನುವ ಬದಲು "ಇದು ಎಲ್ಲರಿಗೂ ಹೋಗುತ್ತೆ, ಇನ್ನು ಸ್ವಲ್ಪ ದಿನಕ್ಕೆ ಇನ್ನೊಂದು ಬರುತ್ತೆ" ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಹೆಚ್ಚಿನವರಿಗೆ ಹನ್ನೆರಡು ಹದಿಮೂರರ ಸುಮಾರಿಗೆ ಆಗುತ್ತದೆ, ಆದರೆ ಹತ್ತಕ್ಕೆ ಆಗುವವರೂ ಇದ್ದಾರೆ. ಹಾಗಾದರೆ ಮಾತು ಎಂಟು ಒಂಬತ್ತಕ್ಕೆ ಶುರುವಾಗಬೇಕು, ಅಲ್ವಾ? ನಾಲ್ಕನೇ ಕ್ಲಾಸಿನ ಹುಡುಗಿಗೆ ಹೇಳುವುದು ವಿಚಿತ್ರ ಅನ್ನಿಸಬಹುದು. ನಾಲ್ಕನೇ ಕ್ಲಾಸಿನ ಹುಡುಗಿಗೆ ಹೇಳದೆಯೇ ಆಗಿಬಿಡುವುದು ಅದಕ್ಕಿಂತ ವಿಚಿತ್ರ.

ಕೂರಿಸಿಕೊಂಡು ಮಾಡುವ ಭಾಷಣವೂ ಬೇಡ. ನನ್ನ ತಂಗಿ ಮಗಳು ಒಂಬತ್ತರಲ್ಲಿದ್ದಾಗ ನನ್ನ ಬ್ಯಾಗಿನಲ್ಲಿ ಪ್ಯಾಡ್ ನೋಡಿ "ದೊಡ್ಡಮ್ಮ, ನಿಮಗೂ ಡೈಪರಾ?" ಅಂದಳು. ಅವತ್ತು ಎರಡೇ ಮಾತು ಹೇಳಿದ್ದು. ದೊಡ್ಡ ಹುಡುಗಿಯರಿಗೆ, ಹೆಂಗಸರಿಗೆ ತಿಂಗಳಿಗೊಂದು ಸಲ ಸ್ವಲ್ಪ ರಕ್ತ ಹೋಗುತ್ತೆ, ಏಟು ಬಿದ್ದು ಹೋಗುವುದಲ್ಲ, ಬಟ್ಟೆಗೆ ಆಗದಿರಲಿ ಅಂತ ಇದು. "ಓ" ಅಂದು ಟಿವಿ ಮುಂದೆ ಹೋದಳು. ಎರಡು ತಿಂಗಳ ಮೇಲೆ ಸ್ಕೂಟರಿನಲ್ಲಿ ಹಿಂದೆ ಕುಳಿತು, ನಡು ಟ್ರಾಫಿಕ್‌ನಲ್ಲಿ ಜೋರಾಗಿ ಕೇಳಿದಳು, "ಅದು ನೋಯುತ್ತಾ?" ಮಕ್ಕಳು ತಮಗೆ ಬೇಕಾದಾಗ ಬೇಕಾದಷ್ಟು ಮಾತ್ರ ಕೇಳುತ್ತಾರೆ. ಆಗ ನಾವು ಮುಖ ತಿರುಗಿಸದಿದ್ದರೆ ಸಾಕು.

ಸ್ವೀಟ್ ಡಬ್ಬದ ಚೀಟಿಗಳು

ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಗೆಳತಿ ಟೀಚರ್. ಆರು, ಏಳನೇ ಕ್ಲಾಸಿನ ಹುಡುಗಿಯರ ಜೊತೆ ಮಾತಾಡು ಬಾ ಅಂತ ಕರೆದಿದ್ದಳು. ನಾನು ಗರ್ಭಕೋಶದ ಚಿತ್ರ, ಅಂಡಾಣು, ಹಾರ್ಮೋನು ಎಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳು ಬುದ್ಧಿವಂತೆ. ನಾನು ಬಾಯಿ ಬಿಡುವ ಮೊದಲೇ ಒಂದು ಖಾಲಿ ಸ್ವೀಟ್ ಡಬ್ಬ ತಂದಿಟ್ಟು, ಎಲ್ಲರಿಗೂ ಒಂದೊಂದು ತುಂಡು ಹಾಳೆ ಕೊಟ್ಟು, "ಹೆಸರು ಬರೀಬೇಡಿ, ಕೇಳೋದು ಮಾತ್ರ ಬರೀರಿ" ಅಂದಳು. ಮೊದಲು ಕಿಸಿಕಿಸಿ ನಗು. ಆಮೇಲೆ ಎಡಗೈ ಅಡ್ಡ ಇಟ್ಟುಕೊಂಡು, ಪರೀಕ್ಷೆಯಲ್ಲಿ ಪಕ್ಕದವಳಿಗೆ ಕಾಣದಂತೆ ಬರೆಯುವ ಹಾಗೆ, ಎಲ್ಲರೂ ಬರೆಯುತ್ತಾ ಕುಳಿತರು.

ಡಬ್ಬ ಸುರಿದಾಗ ಅಂಡಾಣುವಿನ ಬಗ್ಗೆ ಒಂದು ಚೀಟಿಯೂ ಇರಲಿಲ್ಲ. 'ಗಣಿತ ಪಿರಿಯಡ್‌ನಲ್ಲಿ ಬಂದ್ರೆ ಸರ್‌ಗೆ ಏನಂತ ಹೇಳೋದು?' 'ಪ್ಯಾಡ್ ಹಾಕ್ಕೊಂಡು ಖೋಖೋ ಆಡಿದ್ರೆ ಬಿದ್ದುಹೋಗುತ್ತಾ?' 'ಅದನ್ನ ಎಲ್ಲಿ ಬಿಸಾಕೋದು?' 'ಬಾತ್‌ರೂಂ ಚಿಲಕ ಇಲ್ಲ.' ಇದು ಪ್ರಶ್ನೆಯೇ ಅಲ್ಲ, ದೂರು. 'ರಾತ್ರಿ ಮಲಗಿದಾಗ ನಿಲ್ಲುತ್ತಾ?' 'ರಕ್ತ ಎಲ್ಲ ಖಾಲಿ ಆದ್ರೆ?' 'ಆದ ಮೇಲೆ ಸ್ಕೂಲ್ ಬಿಡಿಸ್ತಾರಾ?' ಒಂದು ಚೀಟಿಯಲ್ಲಿ ಬರೇ 'ನಂಗೆ ಬೇಡ' ಅಂತ ಇತ್ತು.

ನಾವು ಒಂದೋ ಜೀವಶಾಸ್ತ್ರ ಹೇಳುತ್ತೇವೆ, ಇಲ್ಲ ಶಾಸ್ತ್ರ ಹೇಳುತ್ತೇವೆ. ಹುಡುಗಿಗೆ ಬೇಕಾಗಿರುವುದು ಮಂಗಳವಾರ ಹನ್ನೊಂದೂವರೆಗೆ ಏನು ಮಾಡಬೇಕು ಅನ್ನುವುದು. ಚಿತ್ರವನ್ನು ಚೀಲದಲ್ಲೇ ಬಿಟ್ಟೆ. ರಕ್ತ ಖಾಲಿಯಾಗುವ ಭಯಕ್ಕೆ ಗೆಳತಿ ಕೆಮ್ಮಿನ ಸಿರಪ್ಪಿನ ಹತ್ತು ಮಿಲಿ ಮುಚ್ಚಳ ತಂದಳು. ಕುಂಕುಮ ಕಲಸಿದ ನೀರನ್ನು ಅದರಲ್ಲಿ ಮೂರು, ನಾಲ್ಕು ಸಲ ಅಳೆದು ಲೋಟಕ್ಕೆ ಹಾಕಿ ತೋರಿಸಿದೆವು. ಒಂದು ಸಲದ ಮುಟ್ಟಿನಲ್ಲಿ ಎಲ್ಲ ದಿನ ಸೇರಿ ಸಾಮಾನ್ಯವಾಗಿ ಹೋಗುವುದು ಅಷ್ಟೇ, 30-40 ಮಿಲಿ. "ಇಷ್ಟೇನಾ!" ಅಂತ ಒಬ್ಬಳು ಕೂಗಿದಳು. ಆಮೇಲೆ ಒಂದು ಚಡ್ಡಿ, ಒಂದು ಪ್ಯಾಡ್ ತೆಗೆದು ಟೇಬಲ್ ಮೇಲೆ ಇಟ್ಟೆವು. ನಮಗೆ ಇದು ಹೇಳುವ ವಿಷಯ ಅಂತಲೇ ಅನ್ನಿಸುವುದಿಲ್ಲ, ಆದರೆ ಗೋಂದು ಯಾವ ಕಡೆಗೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅಂಟುವ ಬದಿ ಮೈಗೆ ಅಂದುಕೊಂಡವಳೂ ಇದ್ದಳು. ಪಾಪ, ಅದನ್ನು ಕೀಳುವಾಗ ಏನು ಗತಿ ಅಂತ ಅವಳು ಹೆದರಿದ್ದರಲ್ಲಿ ತಪ್ಪೇನಿದೆ? ಹಿಂದಿನ ಕಾಗದ ಸುಲಿದು, ನಡುವೆ ಅಂಟಿಸಿ, ರೆಕ್ಕೆ ಎರಡನ್ನೂ ಕೆಳಗೆ ಮಡಚಿ, ಅದೇ ಲೋಟದ ನೀರನ್ನು ಮೇಲೆ ಸುರಿದೆವು. ತಲೆಕೆಳಗು ಮಾಡಿ ತೋರಿಸಿದೆವು. ಒಬ್ಬೊಬ್ಬರಾಗಿ ಬಂದು ಬೆರಳಿಟ್ಟು ಒತ್ತಿ ನೋಡಿದರು. ಟಿವಿಯಲ್ಲಿ ವರ್ಷಗಟ್ಟಲೆ ನೀಲಿ ನೀರು ಸುರಿಯುವುದನ್ನು ನೋಡಿದ ಮಕ್ಕಳು. ಕೆಂಪು ನೋಡಿದ್ದು ಅವತ್ತೇ.

ಖೋಖೋ ಆಡಬಹುದು, ಬೀಳುವುದಿಲ್ಲ. ರಾತ್ರಿ ನಿಲ್ಲುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ತುಂಬದಿದ್ದರೂ. ಮೊದಲ ಸಲ ಬಂದದ್ದು ಕಂದು ಬಣ್ಣದ ಕಲೆಯ ಹಾಗೆ ಇರಬಹುದು, ಅದೂ ಅದೇ. ಮೊದಲ ಒಂದೆರಡು ವರ್ಷ ಲೆಕ್ಕಕ್ಕೆ ಸಿಗದಂತೆ ಹಿಂದೆ ಮುಂದೆ ಆಗುತ್ತದೆ, 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ ಅಂದೆವು. ಗಣಿತದ ಸರ್ ವಿಷಯ ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಪೌಚು

ಹತ್ತು ತುಂಬಿದ ಹುಡುಗಿಯ ಸ್ಕೂಲ್ ಬ್ಯಾಗಿನಲ್ಲಿ ಒಂದು ಪೌಚ್ ಇಟ್ಟುಬಿಡಿ ಅನ್ನುವುದು ನನ್ನ ಒಂದೇ ಒಂದು ಒತ್ತಾಯ. ಎರಡು ಪ್ಯಾಡ್, ಒಂದು ಚಡ್ಡಿ, ಹಳೇ ಪೇಪರ್ ಎರಡು ತುಂಡು, ಒಂದು ಕವರ್. ಬಟ್ಟೆ ಬಳಸುವ ಮನೆಯಾದರೆ ಮೆತ್ತನೆಯ ಕಾಟನ್ ಬಟ್ಟೆ. ಬಟ್ಟೆಯೇನೂ ಕೀಳಲ್ಲ, ತಣ್ಣೀರಲ್ಲಿ ತೊಳೆದು, ಸೋಪು ಹಾಕಿ, ಬಿಸಿಲಲ್ಲಿ ಒಣಗಿಸಿದರೆ ಆಯಿತು. ತೊಂದರೆ ಇರುವುದು ಕೊನೆಯದರಲ್ಲೇ. ಯಾರಿಗೂ ಕಾಣಬಾರದು ಅಂತ ಸೀರೆ ಕೆಳಗೋ ಹಂಚಿನ ಸಂದಿಯಲ್ಲೋ ಒಣಗಿಸಿ, ಅರೆ ಒದ್ದೆಯದನ್ನೇ ಹಾಕಿಕೊಂಡು ತುರಿಕೆ ತಂದುಕೊಳ್ಳುತ್ತಾರೆ. ಬಿಸಿಲಿಗೆ ನಾಚಿಕೆ ಇಲ್ಲ, ನಮಗಿದೆ.

ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ, ಟಾಯ್ಲೆಟ್ ಗುಂಡಿಗೆ ಮಾತ್ರ ಬೇಡ. ಹೊಟ್ಟೆ ನೋವಿಗೆ ಬಿಸಿನೀರಿನ ಚೀಲ, ಓಡಾಟ. ಜಾಸ್ತಿ ಇದ್ದರೆ ಡಾಕ್ಟರ್ ಹೇಳಿದ ಮಾತ್ರೆ. ನೋವು ತಿಂದುಕೊಂಡಿರುವುದು ಹೆಣ್ಣಿನ ಲಕ್ಷಣ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಗಂಟೆ ಎರಡು ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಮೂರು ತಿಂಗಳು ಪತ್ತೆಯೇ ಇಲ್ಲದಿದ್ದರೆ, ಹದಿನೈದಾದರೂ ಶುರುವಾಗದಿದ್ದರೆ, ಎಂಟಕ್ಕೆ ಮೊದಲೇ ಎದೆ ಬಂದರೆ ಡಾಕ್ಟರ್ ಹತ್ತಿರ ಹೋಗಬೇಕು. ಇನ್ನೊಂದು, ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ. ವಾಕರಿಕೆ ಬರುತ್ತೆ ಅಂತ ಎಷ್ಟೋ ಹುಡುಗಿಯರು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಮ್ಮಿ, ಅದನ್ನೂ ಹೇಳಿ.

ದೇವರ ಮನೆ ಬಾಗಿಲು

ಚೀಟಿಗಳಲ್ಲಿ ಒಂದು ಹೀಗಿತ್ತು: 'ಮುಟ್ಟಾದಾಗ ಹೂವಿನ ಗಿಡ ಮುಟ್ಟಿದ್ರೆ ಒಣಗುತ್ತಂತೆ, ನಿಜಾನಾ?' ಮುಟ್ಟಿ ನೋಡು ಅಂದೆ. ಅದಕ್ಕಿಂತ ಉದ್ದದ ಉತ್ತರ ಬೇಕಿಲ್ಲ. ಉಪ್ಪಿನಕಾಯಿಗೂ ಅದೇ ಉತ್ತರ.

ದೇವರ ಮನೆಯ ವಿಷಯ ಅಷ್ಟು ಹಗುರ ಅಲ್ಲ. ಮನೆಯಲ್ಲಿ ಅಜ್ಜಿ ಇದ್ದಾರೆ, ಪದ್ಧತಿ ಇದೆ, ಹತ್ತು ವರ್ಷದ ಹುಡುಗಿಯನ್ನು ಮುಂದೆ ಬಿಟ್ಟು ನಾವು ಕ್ರಾಂತಿ ಮಾಡಿಸುವುದು ನ್ಯಾಯವೂ ಅಲ್ಲ. ಆದರೆ 'ನಾನು ಗಲೀಜಾ?' ಅಂತ ಅವಳು ಕೇಳಿದರೆ ಉತ್ತರ ಒಂದೇ, ಅಲ್ಲ. ಅಜ್ಜಿ ಹಾಗೆ ನಂಬಿದ್ದಾರೆ, ನಾನು ನಂಬುವುದಿಲ್ಲ ಅಂತ ಅಜ್ಜಿ ಎದುರಿಗೇ ಹೇಳುವ ಧೈರ್ಯ ದೊಡ್ಡವರಿಗೆ ಇರಬೇಕು. ಇದೇನೂ ಹೊರಗಿನಿಂದ ಬಂದ ಮಾತಲ್ಲ. ಹನ್ನೆರಡನೇ ಶತಮಾನದ ಶರಣರು ಬೇಡ ಅಂದ ಐದು ಸೂತಕಗಳಲ್ಲಿ ರಜಸ್ಸೂತಕ, ಅಂದರೆ ಮುಟ್ಟಿನ ಮೈಲಿಗೆಯೂ ಒಂದು. ನಮ್ಮ ಬೀದಿಯಲ್ಲಿ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅಜ್ಜಿಯೊಬ್ಬರಿದ್ದರು. "ಮೈಮೇಲೆ ಲಿಂಗ ಇರೋವಾಗ ಎಲ್ಲಿಯ ಮೈಲಿಗೆ" ಅನ್ನುತ್ತಿದ್ದರು. ಅವರ ಸೊಸೆಯಂದಿರು ಮೂರು ದಿನ ಹೊರಗೆ ಕೂರುತ್ತಿದ್ದರು ಅನ್ನುವುದು ಬೇರೆ ಮಾತು. ಎಂಟುನೂರು ವರ್ಷ ಹಳೆಯ ಮಾತೂ ನಡುಮನೆಯಿಂದ ಹಿತ್ತಲಿಗೆ ಬರುವಷ್ಟರಲ್ಲಿ ಸೋತುಹೋಗುತ್ತದೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯಾಚೆ ಇರಬೇಕು ಅನ್ನುವ ಕಟ್ಟಳೆ ಇನ್ನೂ ಇದೆ. 2023ರ ಮಳೆಗಾಲದಲ್ಲಿ ತುಮಕೂರು ತಾಲೂಕಿನ ಒಂದು ಹಟ್ಟಿಯ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡ ಸುದ್ದಿ ಓದಿದಾಗ ನನಗೆ ಮರಳಿ ಮರಳಿ ಬಂದ ಯೋಚನೆ, ಅಲ್ಲಿನ ಒಂಬತ್ತು ವರ್ಷದ ಹುಡುಗಿಯರು ಇದನ್ನೆಲ್ಲ ನೋಡಿ ತಮ್ಮ ಮೈ ಬಗ್ಗೆ ಏನು ಕಲಿತಿರಬಹುದು ಅಂತ.

ಗಣಿತದ ಸರ್

ಅಮ್ಮನೇ ಹೇಳಬೇಕು ಅನ್ನುವುದು ಯಾರು ಮಾಡಿದ ನಿಯಮವೋ ಗೊತ್ತಿಲ್ಲ. ಅಮ್ಮ ಇಲ್ಲದ ಮನೆಗಳಿವೆ. ಅಮ್ಮ ಗಾರ್ಮೆಂಟ್ಸ್ ಪಾಳಿಗೆ ಹೋದ ಮನೆಗಳಿವೆ. ನನ್ನ ಆಫೀಸಿನ ಒಬ್ಬರು, ಹೆಂಡತಿ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿರುವವರು, ಒಂದು ದಿನ ನನ್ನ ಟೇಬಲ್ ಹತ್ತಿರ ಬಂದು "ಮೇಡಂ, ಒಂದು ವಿಷಯ ಕೇಳಬೇಕಿತ್ತು" ಅಂದರು. ನಾನು ಹೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರು. ಸೈಜ್ ಕೂಡ. ಮಗಳಿಗೆ ಅವರು ಹೇಳಿದ್ದು ಇಷ್ಟಂತೆ: "ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದೀನಿ. ಬಂದ ದಿನ ನನಗೆ ಹೇಳಲೇಬೇಕು ಅಂತೇನಿಲ್ಲ. ಖಾಲಿಯಾದ್ರೆ ಹೇಳು, ತರ್ತೀನಿ." ಇದಕ್ಕಿಂತ ಚೆನ್ನಾಗಿ ಹೇಳಿದ ಅಮ್ಮಂದಿರನ್ನು ನಾನು ಹೆಚ್ಚು ಕಂಡಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಶಾಲೆ, ಹಾಸ್ಟೆಲ್‌ಗಳ 10ರಿಂದ 18 ವರ್ಷದ ಹುಡುಗಿಯರಿಗೆ ಪ್ಯಾಡ್ ಕೊಡುವ ಶುಚಿ ಯೋಜನೆ ಇದೆ. ಕೋವಿಡ್ ಸಮಯದಲ್ಲಿ ನಿಂತುಹೋಗಿ, 2024ರಲ್ಲಿ ಮತ್ತೆ ಶುರುವಾಯಿತು. 2018ರಲ್ಲಿ ಪ್ಯಾಡಿನ ಮೇಲಿನ ಜಿಎಸ್‌ಟಿ ತೆಗೆದರು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಕೆಲಸಕ್ಕೆ ಹೋಗುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಏಳನೇ ಕ್ಲಾಸಿನವಳು ಇವತ್ತೂ ಕಿರುಬೆರಳು ಎತ್ತಿ ಪಾಠ ಮುಗಿಯುವವರೆಗೆ ಕಾಯಬೇಕು. ಗೆಳತಿಯ ಶಾಲೆಯಲ್ಲಿ ಪ್ಯಾಡಿನ ಪ್ಯಾಕೆಟ್‌ಗಳು ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿದ್ದವು, ಕೀ ಅವರ ಜೇಬಿನಲ್ಲಿ. ಅವರು ಕೆಟ್ಟವರಲ್ಲ. ಲೆಕ್ಕ ತಪ್ಪಬಾರದು ಅಂತ ಹಾಗೆ ಇಟ್ಟಿದ್ದರು.

ಚೀಟಿಗಳನ್ನು ಗೆಳತಿ ಸ್ಟಾಫ್ ಮೀಟಿಂಗಿನಲ್ಲಿ ಓದಿದಳಂತೆ, ಗಣಿತದ ಸರ್ ಎದುರಿಗೇ. ಅವರು ಮೊದಲು ತಲೆ ತಗ್ಗಿಸಿದರಂತೆ. ಆಮೇಲೆ "ನನ್ನ ಪಿರಿಯಡ್‌ನಲ್ಲಿ ಹೆಣ್ಣುಮಕ್ಕಳು ಎದ್ದು ಹೋಗಲಿ, ಕೇಳೋದೇ ಬೇಡ" ಅಂದರಂತೆ. ಆರರ ಗಂಡುಮಕ್ಕಳಿಗೂ ಒಂದು ಕ್ಲಾಸ್ ತೆಗೆದುಕೊಳ್ಳಿ, ಲಂಗದ ಕಲೆ ನೋಡಿ ನಗುವವರು ಅವರೇ ತಾನೇ ಅಂತ ಸೇರಿಸಿದ್ದೂ ಅವರೇ. ಬೀರುವಿನ ಒಂದು ಖಾನೆಯ ಪ್ಯಾಕೆಟ್‌ಗಳು ಈಗ ಹುಡುಗಿಯರ ಕ್ಲಾಸಿನ ಟ್ರಂಕಿಗೆ ಬಂದಿವೆ, ಲೆಕ್ಕದ ಪುಸ್ತಕ ಏಳನೇ ಕ್ಲಾಸಿನ ಇಬ್ಬರ ಹತ್ತಿರ. ಬಾತ್‌ರೂಮಿಗೆ ಚಿಲಕ ಹಾಕಿಸಿದ್ದಾರೆ. ನೀರಿನ ಟ್ಯಾಂಕಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬರೆದುಕೊಟ್ಟಿದ್ದಾರೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಬೋರ್‌ವೆಲ್‌ನಿಂದ ಎರಡು ಬಕೆಟ್ ನೀರು ಬೆಳಿಗ್ಗೆಯೇ ತುಂಬಿಡುತ್ತಾರೆ, ಸರದಿ ಮೇಲೆ, ಗಂಡುಮಕ್ಕಳೂ ಸೇರಿ.